ಹಳೆಯ ಲೆಕ್ಕದ ಸಂಚಿಕೆ

ಅಪ್ಪಾ,

ನೀನು ಚಿತ್ರ ಬಿಡಿಸುತ್ತಿದ್ದ ಕಾಮಿಕ್ಸ್ ಮಾಲಿಕೆಗೆ ಇವತ್ತು ಸಂಚಿಕೆಗಳ ಹಳೆಯ ಲೆಕ್ಕ ಮರಳಿ ಬಂತು. ಮಾರಾಟ ಬಿದ್ದುಹೋಯಿತೆಂದು ಅದನ್ನು ನೂರ ನಲವತ್ತನೇ ಸಂಚಿಕೆಗೆ ನಿಲ್ಲಿಸಿದರಲ್ಲ, ಆಮೇಲೆ ಅದೇ ನಾಯಕಿ, ಅದೇ ಹೆಸರು ಇಟ್ಟುಕೊಂಡು, ಬೇರೆ ಕಲಾವಿದನಿಂದ ಚಿತ್ರ ಬರೆಸಿ, ಮುಖಪುಟದಲ್ಲಿ 'ಸಂಚಿಕೆ ಒಂದು' ಎಂದು ಅಚ್ಚು ಹಾಕಿದರು. ನೀನು ಅದನ್ನು ತಿರುವಿ ಹಾಕಿ, "ಹಾಗಾದ್ರೆ ನಾವು ಲೆಕ್ಕಕ್ಕೇ ಇಲ್ಲ ಬಿಡು" ಎಂದು ನಕ್ಕೆ. ಆಮೇಲೆ ಕುಂಚ ಮುಟ್ಟಲಿಲ್ಲ.

ಬೆಳಿಗ್ಗೆ ಕಚೇರಿಯಲ್ಲಿ ಆ ಮಾಲಿಕೆಯ ಸಂಪಾದಕರು ನನ್ನ ಮೇಜಿನ ಬಳಿ ಬಂದರು.

"ನಿಲ್ಸೋದು, ಮತ್ತೆ ಒಂದರಿಂದ ಶುರು ಮಾಡೋದು, ಇದೇ ಆಯ್ತು. ಓದೋರಿಗೆ ತಲೆ ಕೆಟ್ಟಿದೆ. ಮೊದಲಿಂದ ಬಂದಿದ್ದನ್ನೆಲ್ಲ ಕೂಡಿಸಿ ನಂಬರ್ ಹಾಕಮ್ಮ."

ನಿನ್ನ ನೂರ ನಲವತ್ತನ್ನೂ ಸೇರಿಸಿ ಕೂಡಿಸಿದೆ. ಈ ಸಂಚಿಕೆಗೆ ಇನ್ನೂರು ಬಂತು. ಮುಖಪುಟದ ಮೂಲೆಯಲ್ಲಿ ನಾನೇ ಅದನ್ನು ಕೂರಿಸಿದೆ.

ಸಂಜೆ ಮಾದರಿ ಪ್ರತಿಯನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು.

"ಅವರಿದ್ದಾಗಲೇ ಮಾಡಬಹುದಿತ್ತಲ್ಲೇ? ಯಾರಾದ್ರೂ ಒಂದು ಮಾತು ಕೇಳಿದ್ರೆ ಆಗ್ತಿತ್ತೇನೋ."

ಯಾರು ಕೇಳಬೇಕಿತ್ತೆಂದು ಅವಳು ಹೇಳಲಿಲ್ಲ. ನಾನು ಆ ಕಚೇರಿಗೆ ಕೆಲಸಕ್ಕೆ ಸೇರಿದಾಗ ನೀನು ಇನ್ನೂ ಬದುಕಿದ್ದೆ, ಅಪ್ಪಾ.