ಠಾಣೆಯ ಕಪಾಟಿನಲ್ಲಿರುವ ನನ್ನ ಅಣ್ಣ

ಮುಖ ನೋಡಿ ಕಳ್ಳರನ್ನು ಹಿಡಿಯುವ ಯಂತ್ರದ ಮೇಲಧಿಕಾರಿಗಳೇ,

ನನ್ನ ಅಣ್ಣ ಚಂದ್ರಾಮನ ಅಸ್ಥಿ ಐದು ತಿಂಗಳಿಂದ ನಿಮ್ಮ ಠಾಣೆಯ ಕಪಾಟಿನಲ್ಲಿದೆ. ವಾಪಸ್ಸು ಕೊಡಿ. ನಾಲ್ಕು ಅರ್ಜಿ ಕೊಟ್ಟೆ, ಉತ್ತರವಿಲ್ಲ. ಅದಕ್ಕೇ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಕ್ಷೌರಿಕ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಬೀದರದಿಂದ ಬಂದು ಮೆಹದಿಪಟ್ಟಣಂನಲ್ಲಿ ನಲವತ್ತಾರು ವರ್ಷ ಜನರ ಮುಖಗಳನ್ನೇ ಕೈಯಲ್ಲಿ ಹಿಡಿದು ಬದುಕಿದ್ದೇನೆ. ಅಣ್ಣನಿಗೆ ಮಕ್ಕಳಿರಲಿಲ್ಲ, ಕೊಳ್ಳಿ ಇಟ್ಟವನು ನಾನು. ಪದ್ಧತಿಯಂತೆ ತಲೆ, ಮೀಸೆ ಬೋಳಿಸಿಕೊಂಡೆ. ಮೂರನೇ ದಿನ ಅಸ್ಥಿಯ ಗಡಿಗೆಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಕೊಂಡು, ಮಾಂಜ್ರಾ ನದಿಯಲ್ಲಿ ಬಿಡಲು ಬೀದರ ಬಸ್ಸಿಗೆ ಕಾಯುತ್ತಿದ್ದೆ. ಜಹೀರಾಬಾದ ಕಡೆಯ, ಕನ್ನಡ ಬಲ್ಲ ನಿಮ್ಮ ಪೇದೆಯೊಬ್ಬ ಹೇಳದೆ ಕೇಳದೆ ನನ್ನ ಮುಖಕ್ಕೆ ಫೋನ್ ಹಿಡಿದ. ಗಾಂಜಾ ಸಾಗಿಸಿ ತಲೆಮರೆಸಿಕೊಂಡ ಯಾವನನ್ನೋ ನಾನು ನೂರಕ್ಕೆ ಎಂಬತ್ತೊಂದು ಪಾಲು ಹೋಲುತ್ತೇನಂತೆ.

“ಯಾವ ಕಾಯ್ದೆದಾಗ ಐತಿ, ಹಿಂಗ ಫೋಟೋ ತಗಿ ಅಂತ?” ಎಂದೆ.

“ತಪ್ಪ ಮಾಡಿಲ್ಲಂದ್ರ ಹೆದರಿಕಿ ಯಾಕ ಚಾಚಾ?”

“ಹೆದರಿಕಿ ಅಲ್ಲಪಾ, ಸಿಟ್ಟು.”

“ಗಡಿಗ್ಯಾಗ ಏನೈತಿ?”

“ನಮ್ಮಣ್ಣ.”

ಅವನು ನಕ್ಕ.

ಎಲುಬಿನ ಚೂರು ಕಣ್ಣಿಗೆ ಕಾಣುತ್ತಿದ್ದರೂ ‘ಬೂದು ಬಣ್ಣದ ಶಂಕಾಸ್ಪದ ಪುಡಿ’ ಎಂದು ಠಾಣೆಯಲ್ಲಿ ಬರೆದುಕೊಂಡರು. ಅವರು ತೋರಿಸಿದ ಫೋಟೋದವನೂ ನನ್ನಂತೆ ಬೋಳು ತಲೆ, ಬೋಳು ಮುಖದವನು; ಆದರೆ ಅವನ ಕಿವಿಯ ಹಾಲೆ ಕೆನ್ನೆಗೆ ಅಂಟಿದೆ, ನನ್ನದು ಜೋತು ಬಿದ್ದಿದೆ. ಕಿವಿಯ ಹಿಂದೆ ಕತ್ತರಿ ಆಡಿಸಿದವನು ಒಂದೇ ನೋಟಕ್ಕೆ ಹೇಳುತ್ತಾನೆ. ನಾನೂ ಹೇಳಿದೆ. ಯಾರು ಕೇಳಬೇಕು? ಸಂಜೆ, ನಾನು ಅವನಲ್ಲವೆಂದು ನನ್ನನ್ನು ಬಿಟ್ಟರು, ಅಣ್ಣನನ್ನು ಬಿಡಲಿಲ್ಲ. ಪುಡಿ ಅಸಲಿ ಆರೋಪಿಯ ಪ್ರಕರಣಕ್ಕೆ ಸೇರಿದೆ, ಅವನು ಸಿಗುವವರೆಗೆ ಕೊಡಲು ಬರುವುದಿಲ್ಲವಂತೆ. ಎಂಥ ವಿವೇಕ, ಮಹಾಸ್ವಾಮಿ.

ಗಚ್ಚಿಬೌಲಿಯಲ್ಲಿ ಇಂಥದೇ ಯಂತ್ರಕ್ಕೆ ಬುದ್ಧಿ ಕಲಿಸುವ ಅಮಿತ ನನ್ನ ಗಿರಾಕಿ, ಮೈಸೂರಿನವನು. “ಅಂಕಲ್, ಅದು ಬರೀ ಸುಳಿವು ಕೊಡುತ್ತೆ. ತೀರ್ಮಾನ ಮಾಡೋದು ಮನುಷ್ಯರೇ,” ಎಂದ. ಠಾಣೆಯ ಮನುಷ್ಯರು ತೀರ್ಮಾನ ಯಂತ್ರದ್ದು ಎನ್ನುತ್ತಾರೆ. ನಾನು ಯಾರ ಕೊರಳಪಟ್ಟಿ ಹಿಡಿಯಲಿ?

ಅಸ್ಥಿ ನೀರಿಗೆ ಬಿಡುವವರೆಗೆ ಮೀಸೆ ಬಿಡುವುದಿಲ್ಲವೆಂದು ದಿನಾ ಬೋಳಿಸಿಕೊಳ್ಳುತ್ತೇನೆ. ಬೋಳು ಮುಖ ಕಂಡೊಡನೆ ನಿಮ್ಮ ಕ್ಯಾಮೆರಾ ಮತ್ತೆ ಕೂಗುತ್ತದೆ. ಈವರೆಗೆ ಆರು ಸಲ ಹಿಡಿದಿದ್ದಾರೆ. ಅಂದರೆ ನೀವು ಗಡಿಗೆ ಕೊಡುವವರೆಗೆ ನಾನು ಅವನೇ. ಅವನು ಸಿಗುವವರೆಗೆ ನೀವು ಗಡಿಗೆ ಕೊಡುವುದಿಲ್ಲ.

“ಭಾವ ಬದುಕಿದ್ದಾಗ ಒಮ್ಮಿನೂ ಠಾಣೆ ಮೆಟ್ಲಾ ಹತ್ತಿದವ್ರಲ್ಲ. ಈಗ ಅಲ್ಲೇ ಬಿಡಾರ ಮಾಡ್ಯಾರ ನೋಡ್ರಿ,” ಎನ್ನುತ್ತಾಳೆ ನನ್ನ ಹೆಂಡತಿ ಸುಂದರಾಬಾಯಿ. ಮೊದಲು ನಗುತ್ತ ಹೇಳುತ್ತಿದ್ದಳು.

ನನ್ನ ಫೋಟೋ ಅಳಿಸಿರೆಂದು ಕೇಳುವುದಿಲ್ಲ, ಆ ಆಸೆ ಸತ್ತಿದೆ. ಕ್ಷಮೆಯೂ ಬೇಡ. ಗಡಿಗೆ ಕೊಡಿ. ಮಾಂಜ್ರಾದಲ್ಲಿ ಈಗ ನೀರಿದೆ, ಬೇಸಿಗೆಗೆ ಇರುವುದಿಲ್ಲ.

ಇಂತಿ,
ನಿಮ್ಮ ಲೆಕ್ಕದಲ್ಲಿ ನೂರಕ್ಕೆ ಹತ್ತೊಂಬತ್ತು ಪಾಲು ಮಾತ್ರ ತಾನೇ ಆಗಿ ಉಳಿದಿರುವ
ಕ್ಷೌರಿಕ ವೈಜನಾಥ
ಮೆಹದಿಪಟ್ಟಣಂ