ಐದು ಸೋಮವಾರದ ಗುಳಿಗೆ

ಸವಣೂರು
೧೨ ಸೆಪ್ಟೆಂಬರ್ ೨೦೨೪, ಮಧ್ಯಾಹ್ನ

ಪ್ರೀತಿಯ ಅವ್ವಾ,

ಹೇಗಿದ್ದೀ? ಕಾಲಿನ ಬಾವು ಇಳಿದಿದೆಯೇ? ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬರುತ್ತಿದೆಯೇ? ಬೆಳಗಿನಿಂದ ಹಿರೇಕೆರೂರಿಗೆ ನಾಲ್ಕು ಸಲ ಫೋನ್ ಮಾಡಿದೆ. ಚಿಕ್ಕವ್ವನ ಮೊಬೈಲ್ ಬಂದ್ ಇದೆ. ಹತ್ತಿದರೂ ನಿನಗೆ ಸರಿಯಾಗಿ ಕೇಳಿಸದು, "ಹೂಂ, ಆರಾಮದೇನಿ" ಎಂದು ಇಟ್ಟುಬಿಡುತ್ತೀ. ನಿನ್ನನ್ನು ಕರೆತರಲು ತಮ್ಮ ಪ್ರಶಾಂತ ಗಾಡಿಗೆ ಪೆಟ್ರೋಲ್ ಹಾಕಿಸಿಕೊಂಡು ಬರುವಷ್ಟರಲ್ಲಿ ಇದನ್ನು ಬರೆದು ಅವನ ಕೈಗೆ ಕೊಡಬೇಕು. ಅವನೇ ಬಾಯಲ್ಲಿ ಹೇಳಿದರೆ ನಿಮ್ಮಿಬ್ಬರಿಗೂ ಜಗಳವಾದೀತು.

ಇವತ್ತು ದೇವರ ಜಗುಲಿ ಒರೆಸುವಾಗ ವಿಭೂತಿ ಬಟ್ಟಲು ಎತ್ತಿದೆ. ಕೆಳಗೆ ಕಾಗದದ ಪೊಟ್ಟಣ, ಅದರಲ್ಲಿ ಐದು ಗುಳಿಗೆ. ಕಾಲಿನಲ್ಲಿ ರಕ್ತ ಮತ್ತೆ ಹೆಪ್ಪುಗಟ್ಟದಿರಲೆಂದು ಬೇಸಿಗೆಯಿಂದ ನುಂಗುತ್ತಿದ್ದೀಯಲ್ಲ, ಅವೇ. ಶ್ರಾವಣದ ಐದು ಸೋಮವಾರ. "ಉಪಾಸದ ದಿನ ಬಾಯಾಗ ಏನೂ ಹಾಕ್ಕೊಳ್ಳಂಗಿಲ್ಲವ್ವಾ" ಎಂದು ನೀನು ಹೇಳೇ ಇದ್ದೆ. ಕವಿತೆಯ ಸಾಲುಗಳಲ್ಲಿ ಒಳ ಅರ್ಥ ಹುಡುಕುತ್ತ ಕೂರುವ ನನಗೆ ನಿನ್ನ ನೇರ ಮಾತು ತಿಳಿಯಲಿಲ್ಲ.

ಹೋದ ತಿಂಗಳ ಕೊನೆಗೆ ಡಾಕ್ಟರು ರಕ್ತದ ವರದಿ ನೋಡಿ, "ರಕ್ತ ಇನ್ನೂ ದಪ್ಪನ ಐತ್ರಿ. ಗುಳಿಗಿ ತಪ್ಪಸ್ಯಾರೇನು?" ಎಂದರು. ನಾನು ಜಂಬದಿಂದ "ಒಂದೂ ತಪ್ಪಿಲ್ಲರಿ" ಎಂದೆ. ನನ್ನ ಮಾತು ನಂಬಿ ಪ್ರಮಾಣ ಹೆಚ್ಚಿಸಿದರು. ಈಗ ಶ್ರಾವಣ ಮುಗಿದಿದೆ. ಆ ಹೆಚ್ಚಿನ ಗುಳಿಗೆಯನ್ನು ದಿನವೂ ತಪ್ಪದೆ ನುಂಗುತ್ತಿದ್ದೀ, ರಕ್ತ ಅತಿಯಾಗಿ ತೆಳುವಾಗಿರಬೇಕು. ಚಿಕ್ಕವ್ವನ ಊರಿಗೆ ಬಸ್ ಹತ್ತುವಾಗ ನಿನ್ನ ಮುಂಗೈ ನೀಲಿಗಟ್ಟಿತ್ತು. "ಬಳಿ ಇಡಸೂ ಮುಂದ ದಿಲ್ಶಾದ ಹಿಚುಕ್ಯಾಳ, ಗಟ್ಟಿಗಿತ್ತಿ ಅದಾಳ" ಎಂದು ನೀನು ನಕ್ಕೆ. ನಾನೂ ನಕ್ಕೆ. ಈಗ ಆ ನೀಲಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಹೊರಗೆ ಕಂಡದ್ದು ಅಷ್ಟು. ಒಳಗೆ ಎಲ್ಲಿ ಸೋರುತ್ತಿದೆಯೋ.

ಅಪ್ಪನಿಗೆ ಹೇಳಿಲ್ಲ. ಪಡಸಾಲೆಯಲ್ಲಿ ಕುಳಿತು, "ನಿಮ್ಮವ್ವ ತಂಗಿ ಮನ್ಯಾಗ ಠಿಕಾಣಿ ಹೂಡ್ಯಾಳೇನ?" ಎನ್ನುತ್ತಿದ್ದಾನೆ. ಈ ಕಾಗದ ಅವನ ಕಣ್ಣಿಗೆ ಬೀಳದಿರಲೆಂದು ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ.

ಚಿಕ್ಕವ್ವನಿಗೆ ನನ್ನ ಶರಣಾರ್ಥಿ.

ನಿನ್ನ ಮಗಳು,
ಶೀಲಾ

ತಾ.ಕ.: ಗಾಡಿ ಬಂತು. ಡಾಕ್ಟರಿಗೆ ಫೋನಿನಲ್ಲಿ ನಿಜ ಹೇಳಿದೆ. ಇವತ್ತು ಸಂಜೆಯ ಗುಳಿಗೆ ಕೊಡಬೇಡಿ, ಕೂಡಲೇ ಕರೆತನ್ನಿ ಎಂದರು. ತಲೆ ಸಿಡಿಯುತ್ತಿದ್ದರೆ, ಮಲ ಕಪ್ಪಾಗಿದ್ದರೆ ನಾಚದೆ ಪ್ರಶಾಂತನಿಗೆ ಹೇಳು. ಸೀರೆ ಬದಲಿಸುತ್ತ ಕೂರಬೇಡ, ಉಟ್ಟದ್ದರಲ್ಲೇ ಹೊರಡು. ನಾನು ಬೈಯುವುದಿಲ್ಲ. ಐದು ಸೋಮವಾರ ನನಗೆ ಹೇಳದೆ ಬಿಟ್ಟಿದ್ದೀ. ಇವತ್ತೊಂದು ದಿನ ನಾನು ಹೇಳಿದೆನೆಂದು ಬಿಡು, ಅವ್ವಾ.