ಹಳೆಯ ನಮೂನೆಯಲ್ಲಿ ಮಗಳ ಮುಖ

ಗುಳೇದಗುಡ್ಡ
೧೪ ಅಕ್ಟೋಬರ್ ೨೦೦೩

ಇಚಲಕರಂಜಿಯಲ್ಲಿರುವ ನನ್ನ ಯಜಮಾನರಿಗೆ ಸುಮಾ ಮಾಡುವ ನಮಸ್ಕಾರಗಳು.

ನಿಮ್ಮ ಬೆನ್ನುನೋವು ಈಗ ಹೇಗಿದೆ? ಖಾನಾವಳಿಯ ಊಟ ಒಗ್ಗಿತೇ? ಪಾಳಿ ಮುಗಿಸಿ ಬಂದು ಉಣ್ಣದೆ ಮಲಗಬೇಡಿ. ಇಲ್ಲಿ ಅವ್ವ ಆರಾಮಿದ್ದಾರೆ. ನನಗೆ ಎದೆಹಾಲು ಇನ್ನೂ ಪೂರ್ತಿ ಬತ್ತಿಲ್ಲ. ಪಕ್ಕದ ಮನೆಯ ಕೂಸು ಅತ್ತರೆ ಕುಪ್ಪಸ ಒದ್ದೆಯಾಗುತ್ತದೆ. ಆಗ ನಿಮ್ಮವ್ವ ತಮ್ಮ ಸೆರಗನ್ನೇ ನನಗೆ ಹೊದಿಸುತ್ತಾರೆ.

ನೀವು ಹೇಳಿದ ಕೆಲಸ ಆಯಿತು. ಮಗಳ ಫೋಟೋ ಈ ಕಾಗದದ ಜೊತೆಗಿರುವ ಫ್ಲಾಪಿಯಲ್ಲಿದೆ. ನೀವು ಬಸ್ಸಿಳಿದು ಬರುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿ ಬಂದಿದ್ದರು. ಮುಖವನ್ನೂ ನೋಡಲಿಲ್ಲವೆಂದು ನೀವು ಕಟ್ಟೆಯ ಮೇಲೆ ಕೂತು ಅತ್ತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆ ಮುಖವನ್ನು ಕಾರಖಾನೆಯ ಮಗ್ಗದಲ್ಲಿ ನೇಯ್ದು ತರುತ್ತೇನೆಂದು ಬರೆದಿದ್ದಿರಿ. ಅವ್ವ ಮೊದಲು ಒಪ್ಪಲಿಲ್ಲ. "ಹೋದ ಕೂಸಿನ ಮಾರಿ ಮನ್ಯಾಗ ತೂಗಹಾಕ್ತಾರೇನು?" ಎಂದು ಬೈದರು. ಆದರೆ ನಾನು ಬಾಗಲಕೋಟೆಯ ಕಂಪ್ಯೂಟರ್ ಅಂಗಡಿಗೆ ಹೊರಟಾಗ ಜೊತೆಗೆ ಬರಲು ತಾವೇ ಮೊದಲು ಅಂಗಳಕ್ಕಿಳಿದು ನಿಂತಿದ್ದರು.

ದವಾಖಾನೆಯಲ್ಲಿ ಫೋಟೋ ತೆಗೆದವನು ನನ್ನ ತಮ್ಮ ಪ್ರಭು. ರೀಲಿಲ್ಲದ ಆ ಕ್ಯಾಮರಾ ಅವನ ಸಾಹೇಬರದು. ಆ ಫೋಟೋ ನಿಮ್ಮಲ್ಲಿಯ ಡಿಸೈನ್ ಕಂಪ್ಯೂಟರಿನಲ್ಲಿ ಹಾಗೆಯೇ ತೆರೆಯುವುದಿಲ್ಲ, ಪಿಸಿಎಕ್ಸ್ ಎಂಬ ನಮೂನೆಗೆ ಬದಲಿಸಬೇಕೆಂದು ಬರೆದಿದ್ದಿರಲ್ಲ, ಅದನ್ನು ಅಂಗಡಿಯ ಜಹಾಂಗೀರನಿಗೆ ತೋರಿಸಿದೆ. "ಪಿಸಿಎಕ್ಸ್ ಏನ್ರಿ ಅಕ್ಕಾರ? ಇದು ಡಾಸ್ ಕಾಲದ್ದು, ಈಗ ಯಾರೂ ಕೇಳೂದಿಲ್ಲ. ಮಾಡಿ ಕೊಡ್ತೇನಿ, ಆದ್ರ ಆ ಮಷೀನಿಗೆ ಹದಿನಾರ ಬಣ್ಣ ಅಷ್ಟ ತಿಳೀತಾವ" ಎಂದ.

ಮೊದಲು ಇದ್ದ ಹಾಗೆಯೇ ತೆರೆದು ತೋರಿಸಿದ. ಕಾಮಾಲೆಯಿಂದ ಮೈಯೆಲ್ಲ ಹಳದಿ, ಉಗುರೂ ಹಳದಿ. ಹದಿನಾರು ಬಣ್ಣಕ್ಕೆ ಇಳಿಸಿದಾಗ ಕೆನ್ನೆಯ ಮೇಲೆ ಹಳದಿ ತೇಪೆಗಳೆದ್ದವು. ಅವ್ವ ಮುಖ ತಿರುಗಿಸಿ, "ಬ್ಯಾಡೋ ತಮ್ಮಾ, ತಗಿ ಅದನ್ನ" ಎಂದರು. ಜಹಾಂಗೀರ ಬಣ್ಣವನ್ನೆಲ್ಲ ತೆಗೆದು ಬರೀ ಬೂದಿ, ಕಪ್ಪು, ಬಿಳುಪು ಉಳಿಸಿದ. ಹಳದಿ ಹೋಯಿತು. ಹೊಟ್ಟೆ ತುಂಬಿ ಮಲಗಿದ ಕೂಸಿನ ಹಾಗೆ ಕಂಡಳು. ಅವ್ವ ಹತ್ತಿರ ಸರಿದು, ಗಾಜಿನ ಮೇಲೆ ಬೆರಳಿಟ್ಟು, "ನೋಡ ಸುಮಾ, ಬ್ಯಾನಿ ಹೋತು" ಎಂದರು. ನಾನು ಎದ್ದು ರಸ್ತೆಗೆ ಬಂದುಬಿಟ್ಟೆ. ಅಲ್ಲಿ ಜನ ನೋಡುತ್ತಿದ್ದರೂ ಅಳು ತಡೆಯಲಾಗಲಿಲ್ಲ.

ಒಂದು ಮಾತು. ಈ ನಮೂನೆಯಲ್ಲಿ ಅವಳ ರೆಪ್ಪೆಗೂದಲು ಉಳಿದಿಲ್ಲ, ಕಪ್ಪು ಗೆರೆಯಷ್ಟೇ ಇದೆ. ಖರೆ ಹೇಳಬೇಕೆಂದರೆ ರೆಪ್ಪೆಗೂದಲು ಉದ್ದವಾಗಿದ್ದವು, ನಿಮ್ಮ ಹಾಗೆ. ನೇಯುವಾಗ ಅದು ನೆನಪಿರಲಿ.

ದೀಪಾವಳಿಗೆ ರಜೆ ಸಿಕ್ಕರೆ ಬನ್ನಿ. ಅವ್ವನ ಆಶೀರ್ವಾದ, ಪ್ರಭುವಿನ ನಮಸ್ಕಾರ ನಿಮಗೆ ಮುಟ್ಟಲಿ.

ನಿಮ್ಮ
ಸುಮಾ

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಫ್ಲಾಪಿಗೆ ಹಾಕುವಾಗ ಜಹಾಂಗೀರ, "ಹೆಸರು ಏನ್ ಕೊಡ್ಲಿರಿ? ಎಂಟ ಅಕ್ಷರದಾಗ ಹೇಳ್ರಿ, ಹೆಚ್ಚಿಗಿ ಹಿಡಿಸೂದಿಲ್ಲ" ಎಂದ. ನಾವು ಅವಳನ್ನು ಇನ್ನೂ ತೊಟ್ಟಿಲಿಗೇ ಹಾಕಿರಲಿಲ್ಲವಲ್ಲ, ಏನು ಹೇಳಲಿ? ಅವ್ವ ತಮ್ಮ ಅತ್ತೆಯ ಹೆಸರು ಹೇಳಿದರು: ಸಾವಂತ್ರಿ. ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ ಎಂಟಕ್ಷರ. ನಿಮ್ಮನ್ನು ಕೇಳದೆ ಇಟ್ಟುಬಿಟ್ಟೆವು. ನಾವಿಬ್ಬರೂ ಅಂಗಡಿಯಲ್ಲೇ ಕರೆದೆವು. ಫೋಟೋ ತೆರೆದಾಗ ನೀವೂ ಒಮ್ಮೆ ಹೆಸರು ಹಿಡಿದು ಕರೆಯಿರಿ.